ವ್ಯಾಪ್ತಿ ಪ್ರದೇಶದ ಹೊರಗಿರುವ ಮೇಷ್ಟ್ರಿಗೆ

ಮೇಷ್ಟ್ರೇ,

ಕ್ಷೇಮವೇ ಅಂತ ಕೇಳುವ ಹಾಗಿಲ್ಲ. ನಾನು ಕ್ಷೇಮ ಅಂತ ಬರೆದರೆ ಅದು ಸುಳ್ಳಾಗುತ್ತದೆ, ನಿಮ್ಮ ವಿಷಯದಲ್ಲಿ ನಾನು ಹೇಳಬೇಕಾದ ಸುಳ್ಳೆಲ್ಲ ಈಗಾಗಲೇ ಹೇಳಿ ಮುಗಿಸಿದ್ದೇನೆ. ನೀವು ಹೋಗಿ ಮೊನ್ನೆಗೆ ಒಂದು ವರ್ಷ. ಈ ಒಂದು ವರ್ಷವೂ ಗಿರಿಜಮ್ಮನ ಎದುರು ಒಂದು ಸುಳ್ಳು ಇಟ್ಟುಕೊಂಡೇ ಓಡಾಡಿದೆ. ನೀವು ಸಾಯುವ ಮೊದಲು ನನಗೆ ಫೋನ್ ಮಾಡಿದ್ದಿರಿ, ಆ ಫೋನಿನಲ್ಲಿ ಏನಾಯಿತು ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಅಂತ ನಾನು ತಿಳಿದಿದ್ದೆ. ನಿನ್ನೆ ಮಧ್ಯಾಹ್ನ ಎಲ್ಲ ಹೇಳಿಬಿಡೋಣ ಅಂತ ಚಿಕ್ಕಬಾಣಾವರದ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮ ಹೆಂಡತಿಗೆ ಹೇಳಲು ಹೋದದ್ದನ್ನು ನಿಮಗೂ ಹೇಳಬೇಕಲ್ಲ, ಅದಕ್ಕೆ ಈ ಪತ್ರ. ಓದುವವರೇ ಇಲ್ಲದ ಪತ್ರ ಅಂದರೆ ನಿಮಗೆ ಖುಷಿಯಾಗುತ್ತಿತ್ತು, ಅದರ ಮೇಲೆ ಒಂದು ಗಂಟೆ ಪಾಠ ಮಾಡುತ್ತಿದ್ದಿರಿ. ನನಗೆ ಖುಷಿಯಾಗುತ್ತಿಲ್ಲ.

ಯಶವಂತಪುರದ ಕಾಲೇಜಿನಲ್ಲಿ ನೀವು ಬೋರ್ಡಿನ ಮೇಲೆ ಪ್ರಪಂಚದ ನಕ್ಷೆ ಬರೆದ ದಿನ ನೆನಪಿದೆಯಾ? ಆಫ್ರಿಕಾ ಬದನೆಕಾಯಿಯ ಹಾಗಿತ್ತು. ಪ್ಯಾರಿಸ್ಸಿನಿಂದ ಬ್ಯೂನಸ್ ಐರಿಸ್‌ಗೆ ಒಂದು ಬಾಣ, ಅಲ್ಲಿಂದ ನ್ಯೂಯಾರ್ಕಿಗೆ ಒಂದು, ಆಮೇಲೆ ಪ್ರಾಗ್, ವಾರ್ಸಾ, ಟೋಕಿಯೊ. ಮಹಾಯುದ್ಧ ಮುಗಿದ ಮೇಲೆ ಇಷ್ಟೂ ಊರುಗಳ ಬರಹಗಾರರಿಗೆ ಒಂದೇ ಕಾಯಿಲೆ ಅಂಟಿತು ಅಂದಿರಿ, ದೊಡ್ಡ ಕಥೆಗಳನ್ನು ನಂಬದ ಕಾಯಿಲೆ. ದೇಶ, ಧರ್ಮ, ಪ್ರಗತಿ, ಏನು ಹೇಳಿದರೂ ಅವರು ಹುಬ್ಬು ಏರಿಸಿದರು. ಕಾದಂಬರಿಯೊಳಗೆ ಕಾದಂಬರಿಕಾರನೇ ಬಂದು ತನ್ನ ಪಾತ್ರಗಳ ಜೊತೆ ಜಗಳಕ್ಕೆ ನಿಂತ. ಕಥೆಗಿಂತ ಅಡಿಟಿಪ್ಪಣಿ ಉದ್ದವಾಯಿತು. ನಾಟಕದ ಪರದೆ ಬೀಳಲೇ ಇಲ್ಲ, ಜನ ಮನೆಗೆ ಹೋಗಬೇಕೋ ಬೇಡವೋ ತಿಳಿಯದೆ ಕೂತರು. ಇದಕ್ಕೆಲ್ಲ ಆಧುನಿಕೋತ್ತರ ಅಂತ ಹೆಸರು ಅಂತ ಬರೆಸಿದಿರಿ. ಹಿಂದಿನ ಬೆಂಚಿನಿಂದ ನಾನು, "ಇದ್ರ ಹೆಡ್ಡಾಫೀಸ್ ಎಲ್ಲಿದೆ ಸಾರ್?" ಅಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. "ಹೆಡ್ಡಾಫೀಸ ಇಲ್ಲವಾ ಇದಕ್ಕ. ಎಲ್ಲಾ ಬ್ರಾಂಚ್ ಆಫೀಸ. ನಿಂದ್ಯಾವ ಊರು?" ಅಂದಿರಿ. ಬಾಗಲಗುಂಟೆ ಅಂದೆ. ಕೊನೆಯ ಬಾಣವನ್ನು ಬೋರ್ಡಿನ ಅಂಚು ದಾಟಿಸಿ, ಸುಣ್ಣದ ಗೋಡೆಯ ಮೇಲೆ ಎಳೆದು, ಬಾಗಲಗುಂಟೆ ಅಂತ ಬರೆದಿರಿ. ರಾಗಿ ಬೆಳೆಯುವವರ ಮಗಳ ಊರನ್ನು ಟೋಕಿಯೊ ಪಕ್ಕದಲ್ಲಿ ಬರೆದವರು ನೀವೊಬ್ಬರೇ. ನಾನು ನಿಮ್ಮ ಹಿಂದೆ ಬಿದ್ದದ್ದು ಆವತ್ತಿನಿಂದ.

ಅಪ್ಪನ ರೇಷ್ಮೆಹುಳುವಿನ ಶೆಡ್ಡು ಖಾಲಿ ಬಿದ್ದಿದೆ ಅಂತ ಹೇಳಿದಾಗ ನೀವು ಚಪ್ಪಲಿ ಹಾಕಿಕೊಳ್ಳದೆ ಹೊರಟುಬಿಟ್ಟಿದ್ದಿರಿ. ನಮ್ಮ ಹೊಲವೆಲ್ಲ ಬಾಡಿಗೆ ಮನೆಗಳಾಗಿದ್ದವು, ಶೆಡ್ಡೊಂದು ಉಳಿದಿತ್ತು. ಹುಳುವಿನ ತಟ್ಟೆಗಳನ್ನೇ ಒಂದರ ಮೇಲೊಂದು ಇಟ್ಟು ವೇದಿಕೆ ಮಾಡಿದೆವು. ನೀವು, ನಾನು, ದಾಸರಹಳ್ಳಿಯ ಲೇತ್ ಶಾಪಿನಲ್ಲಿ ಕೆಲಸ ಮಾಡುವ ನಾಗರಾಜ. ಇಪ್ಪತ್ತು ವರ್ಷ ನಮ್ಮ ತಂಡ ಅಂದರೆ ಇಷ್ಟೇ, ಬಾಕಿಯವರು ಬಂದರು, ಹೋದರು. ನಿಮ್ಮ ಊರು ಗದಗಿನ ಕಡೆ, ದೊಡ್ಡಾಟ ನೋಡಿ ಬೆಳೆದವರು. "ನಮ್ಮ ದೊಡ್ಡಾಟದಾಗ ಸಾರಥಿ ರಾಜನ್ನ ತಡದು ನೀ ಯಾರು ಅಂತ ಕೇಳತಾನ. ರಾಜ ತನ್ನ ಕತಿ ತಾನ ಹೇಳಬೇಕು. ಪ್ಯಾರಿಸ್ಸಿನವರು ಇದನ್ನ ಈಗ ಕಲತಾರ" ಅನ್ನುತ್ತಿದ್ದಿರಿ. ನಮ್ಮ ಮೊದಲ ನಾಟಕ ಅರ್ಧಕ್ಕೇ ನಿಂತಿತು, ಬೇಕಂತಲೇ. ದೀಪ ಆರಿಸಿ ನಾವು ಹಿಂದಿನ ಬಾಗಿಲಿನಿಂದ ಹೊರಗೆ ಬಂದುಬಿಟ್ಟೆವು. ಅಪ್ಪ ಕತ್ತಲಲ್ಲಿ ಅರ್ಧ ಗಂಟೆ ಕೂತಿದ್ದು ಎದ್ದು ಬಂದು, "ಇಂಗೆ ಅರ್ಧಕ್ಕೇ ಬುಟ್ಬುಟ್ರೆ ಯೆಂಗೆ ಮೇಷ್ಟ್ರೇ? ಆ ಎಣ್ ಮಗಳು ಬದುಕುದ್ಲಾ ಸತ್ಲಾ?" ಅಂದರು. ಪ್ರಪಂಚದಲ್ಲೇ ಇಷ್ಟು ಒಳ್ಳೆಯ ವಿಮರ್ಶೆ ಯಾರೂ ಬರೆದಿಲ್ಲ ಅಂತ ನೀವು ಹತ್ತು ವರ್ಷ ಹೇಳಿಕೊಂಡು ತಿರುಗಿದಿರಿ. ಅಪ್ಪ ವಿಮರ್ಶೆ ಮಾಡಿರಲಿಲ್ಲ ಮೇಷ್ಟ್ರೇ. ಅವರಿಗೆ ನಿಜವಾಗಿಯೂ ಆ ಹೆಣ್ಣಿನ ಚಿಂತೆ ಹತ್ತಿತ್ತು.

ಫೋನಿನ ನಾಟಕ ಹೊಳೆದದ್ದು ನೀವು ನಿವೃತ್ತರಾಗಿ ಮನೆಯಲ್ಲಿ ಕೂತ ಮೇಲೆ. ಯಾವುದೋ ದೇಶದಲ್ಲಿ ಹೋಟೆಲಿನಲ್ಲಿ ಊಟ ಮಾಡುವವರ ನಡುವೆ ನಟರು ಕೂತು ನಾಟಕ ಆಡಿದರಂತೆ, ಪಕ್ಕದ ಮೇಜಿನವರಿಗೆ ಅದು ನಾಟಕ ಅಂತಲೇ ಗೊತ್ತಾಗಲಿಲ್ಲವಂತೆ. ಅದನ್ನು ಓದಿದ ವಾರದಲ್ಲೇ ನೀವು ಶೆಡ್ಡಿಗೆ ಬಂದು, ಇನ್ನು ವೇದಿಕೆ ಬೇಡ ಅಂದಿರಿ. ನಾಟಕದ ಹೆಸರು "ವ್ಯಾಪ್ತಿ ಪ್ರದೇಶದ ಹೊರಗೆ". ನಲವತ್ತು ದಿನದ ನಾಟಕ. ಹಳೆ ವಿದ್ಯಾರ್ಥಿಗಳು, ನಮ್ಮ ಬಾಡಿಗೆದಾರರು, ಹೀಗೆ ಇಪ್ಪತ್ತು ಜನ ತಮ್ಮ ನಂಬರು ಕೊಟ್ಟರು. ಹಗಲು ಯಾವಾಗ ಬೇಕಾದರೂ ಫೋನು ಬರಬಹುದು. ಆಸ್ಪತ್ರೆಯಿಂದ, ಠಾಣೆಯಿಂದ, ಕಳೆದುಹೋದ ತಮ್ಮನಿಂದ. ನಾವು ಪ್ರೇಕ್ಷಕರಿಗೆ ಮಾಡಬೇಕು, ನಾವು ನಾವೂ ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕು. ನಿಯಮ ಮೂರು. ಪ್ರತಿ ಫೋನೂ "ಇದು ನಾಟಕ ಅಲ್ಲ" ಅಂತಲೇ ಶುರುವಾಗಬೇಕು. ಎತ್ತಿಕೊಂಡವರು ನಿಜವಾ, ನಾಟಕವಾ ಅಂತ ಕೇಳಬಾರದು, ಕೇಳಿದರೆ ಆಟದಿಂದ ಹೊರಗೆ. ಮತ್ತೆ, ಫೋನು ಮಾಡಿದವರೇ ಇಡಬೇಕು, ಎತ್ತಿಕೊಂಡವರು ಇಡುವ ಹಾಗಿಲ್ಲ.

ನಾಗರಾಜ ಆವತ್ತು ಕೈ ಎತ್ತಿದ್ದು ನಿಮಗೆ ನೆನಪಿರಲೇಬೇಕು. ಎಂದೂ ಬಾಯಿ ಬಿಡದವನು. "ಸರ್, ನಮ್ಮ ಮಿಷಿನ್ನಿಗೆ ಒಂದ ಕೆಂಪ ಗುಂಡಿ ಇರತೈತ್ರಿ. ಕೈ ಸಿಕ್ಕತು, ಏನರ ಆತು ಅಂದ್ರ ಒತ್ತೂದು, ಎಲ್ಲಾ ನಿಂದರತೈತಿ. ಇದರಾಗೂ ಅಂಥಾದೊಂದ ಮಾತ ಇಟ್ಟಕೊಳ್ಳೋಣ್ರಿ" ಅಂದ. ನೀವು ಅವನ ಹೆಗಲ ಮೇಲೆ ಕೈ ಹಾಕಿ, "ಗುಂಡಿ ಇಟ್ಟ ಮರುದಿನಾನ ಅದೂ ನಾಟಕದಾಗ ಸೇರತೈತೋ. ನೀನ ಅದನ್ನ ಬಳಸಿ ಯಾರನ್ನರ ಹೆದರಸ್ತಿ. ಹೊರಗ ಅನ್ನೂದ ಇಲ್ಲೋ ನಾಗರಾಜ, ಎಲ್ಲಾ ಒಳಗ" ಅಂದಿರಿ. ಎಷ್ಟು ಚೆನ್ನಾಗಿ ಹೇಳಿದಿರಿ ಅಂತ ನಾನು ಚಪ್ಪಾಳೆ ತಟ್ಟಿದೆ. ಅಷ್ಟಕ್ಕೇ ಬಿಡದೆ, "ಲೇತ್ ಶಾಪಲ್ಲಿ ಆರ್ಟ್ ಮಾಡಕ್ಕಾಗಲ್ಲ ಬಿಡು ನಾಗರಾಜ" ಅಂತ ಅವನನ್ನು ಆಡಿಕೊಂಡೆ. ಅವನು ತಲೆ ಬಗ್ಗಿಸಿ ತಟ್ಟೆಗಳನ್ನು ಜೋಡಿಸುತ್ತಾ ನಿಂತ. ಅವನ ಎಡಗೈಯಲ್ಲಿ ಒಂದು ಬೆರಳಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿದ್ದ ವಿಷಯ.

ಮೊದಲ ಸಲ ನೀವು ಎದೆನೋವು ಅಂತ ಫೋನ್ ಮಾಡಿದ್ದು ಇಪ್ಪತ್ತಮೂರನೇ ದಿನ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಕಾರು ತೆಗೆದು ಹೆಸರಘಟ್ಟ ರಸ್ತೆಯಲ್ಲಿ ಹಾರ್ನ್ ಒತ್ತಿ ಹಿಡಿದು, ಎದುರಿಗೆ ಸಿಕ್ಕವರನ್ನೆಲ್ಲ ಬೈಯುತ್ತಾ ಬಂದರೆ, ನೀವು ಜಗುಲಿಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಿರಿ. ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ನೋಟ್‌ಬುಕ್ಕು. "ಹನ್ನೊಂದ ನಿಮಿಷ. ಮನುಷ್ಯಳಾಗಿ ಪಾಸ್, ನಟಿಯಾಗಿ ಫೇಲ್" ಅಂತ ಬರೆದುಕೊಂಡಿರಿ. ಗಿರಿಜಮ್ಮ ಒಳಗಿನಿಂದ ಬಂದು, "ಆ ಹುಡುಗಿ ಜೀವಾ ತಗೀತೀರಿ ಒಂದಿನ" ಅಂತ ನಿಮ್ಮನ್ನು ಬೈದು ನನಗೆ ನೀರು ಕೊಟ್ಟರು. ಅಷ್ಟಕ್ಕೆ ಮುಗಿದಿದ್ದರೆ ಮರೆಯುತ್ತಿದ್ದೆ. ಭಾನುವಾರ ಶೆಡ್ಡಿನಲ್ಲಿ ಎಲ್ಲರ ಎದುರು ಅದನ್ನು ಹೇಳಿದಿರಿ. ಇಪ್ಪತ್ತು ವರ್ಷ ಕಲಿತವಳು ಒಂದು ಫೋನಿಗೆ ಮೋಸಹೋದಳು ಅಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಇನ್ನೊಂದು ಸಲ ಈ ಮನುಷ್ಯನ ಕೈಲಿ ಫೇಲಾಗಲ್ಲ ಅಂತ ಅಂದುಕೊಂಡೇ ಕಣ್ಣೊರೆಸಿಕೊಂಡೆ.

ಮೂವತ್ತೊಂದನೇ ದಿನದ ಮಧ್ಯಾಹ್ನ ನಾನು ಮೊದಲ ಮಹಡಿಯ ಮನೆಯನ್ನು ಬಾಡಿಗೆಗೆ ಬಂದ ಗಂಡ ಹೆಂಡತಿಗೆ ತೋರಿಸುತ್ತಿದ್ದೆ. ಫೋನು ಬಂತು, ಪರದೆಯ ಮೇಲೆ "ಮೇಷ್ಟ್ರು". "ಇದು ನಾಟಕ ಅಲ್ಲ, ಸುಜಾತಾ. ಎದ್ಯಾಗ ಏನೋ ಹಿಡಕೊಂಡಂಗ ಆಗೈತಿ. ಗಿರಿಜಾ ಮಠಕ್ಕ ಹೋಗ್ಯಾಳ. ಗಾಡಿ ತಗೊಂಡ ಬಾರವಾ" ಅಂದಿರಿ. ಒಂದೊಂದು ಮಾತಿಗೂ ನಡುವೆ ಉಸಿರು. ಎಂಟು ದಿನದಲ್ಲಿ ಎಷ್ಟು ಸುಧಾರಿಸಿದ್ದಾರೆ ಅಂತ ಮೆಚ್ಚಿಕೊಂಡೆ. ಹೌದು ಮೇಷ್ಟ್ರೇ, ಮೆಚ್ಚಿಕೊಂಡೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಆ ಯಂತ್ರದ ಹೆಂಗಸಿನ ದನಿಯಲ್ಲಿ, "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅಂದೆ. ಒಂದು ಅಕ್ಷರ ತಪ್ಪಲಿಲ್ಲ. ಆ ಕಡೆಯಿಂದ ಒಂದು ಸದ್ದು ಬಂತು, ನಕ್ಕಿರಿ ಅಂದುಕೊಂಡೆ. ನಿಯಮದ ಪ್ರಕಾರ ನಾನು ಇಡುವ ಹಾಗಿರಲಿಲ್ಲ. ಫೋನನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬಂದವರಿಗೆ ಅಡಿಗೆಮನೆ ತೋರಿಸಿದೆ.

ನಾಗರಾಜ ಅಳುತ್ತಾ ಫೋನ್ ಮಾಡಿದಾಗ ಸಂಜೆಯಾಗುತ್ತಿತ್ತು. "ಅಕ್ಕಾ, ಸರ್ ಹೋಗಿಬಿಟ್ರು" ಅಂದ. "ಎಲ್ಲಿಗ್ ಹೋದ್ರು? ಗದಗಕ್ಕಾ?" ಅಂದೆ. ಅವನು ಬಿಕ್ಕಿ ಬಿಕ್ಕಿ ಅತ್ತ. ಅಳು ಸ್ವಲ್ಪ ಜಾಸ್ತಿಯಾಯಿತು, ಭಾನುವಾರ ಹೇಳಬೇಕು ಅಂದುಕೊಂಡೆ. "ಅಕ್ಕಾ, ನಾ ಮೊದಲನೇ ಮಾತು ಹೇಳಲಿಲ್ಲ ನೋಡ್ರಿ, ಇದು ನಾಟಕ ಅಲ್ಲ ಅಂತ ನಾ ಅನಲಿಲ್ಲ" ಅಂತ ಅವನು ಕೂಗಿದ ಮೇಲೆ ಕಾರಿನ ಕೀಲಿ ತೆಗೆದುಕೊಂಡೆ. ಆದರೂ ಕಾರಿನಲ್ಲಿ ಬರುವಾಗ, ನಾಟಕವೇ ಇರಬೇಕು, ನಾಟಕವೇ ಇರಲಿ ಅಂತ ಹೇಳಿಕೊಳ್ಳುತ್ತಲೇ ಬಂದೆ. ನಿಮ್ಮ ಗೇಟಿನ ಹೊರಗೆ ಚಪ್ಪಲಿಗಳು. ಐವತ್ತು ಅರವತ್ತು ಜೊತೆ, ರಸ್ತೆಯವರೆಗೂ. ನಮ್ಮ ತಂಡ ಇಪ್ಪತ್ತು ವರ್ಷದಲ್ಲಿ ಅಷ್ಟು ಜನರನ್ನು ಒಂದು ಕಡೆ ಸೇರಿಸಿರಲಿಲ್ಲ. ಸ್ವಲ್ಪ ಮುಂಚೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ ನೋಡಬಹುದಿತ್ತು ಅಂತ ಡಾಕ್ಟರು ಯಾರಿಗೋ ಹೇಳುತ್ತಿದ್ದರು. ನಾನು ಕಾಂಪೌಂಡು ಗೋಡೆ ಹಿಡಿದುಕೊಂಡು ನಿಂತೆ.

ನಿಮ್ಮನ್ನು ಮಣ್ಣು ಮಾಡುವಾಗ ಯಾರು ಬಂದಿದ್ದರು, ಯಾರು ಬರಲಿಲ್ಲ ಅಂತ ನೀವು ಕೇಳಬಹುದು. ನಾಗರಾಜ ಇಪ್ಪತ್ತು ಜನ ಪ್ರೇಕ್ಷಕರಿಗೂ ಸುದ್ದಿ ಕಳಿಸಿದ. ಬಂದವರು ಮೂರು ಜನ. ಬಾಕಿಯವರು ಆಟದ ನಿಯಮ ಪಾಲಿಸಿದರು. ಒಬ್ಬರು, "ಅಯ್ಯೋ, ನನ್ನ ತಮ್ಮನೂ ಈಗಷ್ಟೇ ಹೋದ" ಅಂತ ಬರೆದರು. ಒಬ್ಬರು ಚಪ್ಪಾಳೆಯ ಚಿತ್ರ ಕಳಿಸಿದರು. ಅವರ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಯಾವ ಮುಖ ಇತ್ತು? ನಿಮ್ಮ ಹಣೆಯ ಮೇಲೆ ವಿಭೂತಿ ಬಳಿದು ಕೂರಿಸಿದ್ದರು. ಇಷ್ಟು ಹೊತ್ತು ಅಲುಗಾಡದೆ ಕೂರುವವರಲ್ಲ ನೀವು.

ಮೂರನೇ ದಿನ ಗಿರಿಜಮ್ಮ ನನ್ನನ್ನು ಒಳಮನೆಗೆ ಕರೆದು ನಿಮ್ಮ ಫೋನು ತೋರಿಸಿದರು. "ಕಡೀಗೆ ನಿನಗ ಮಾಡ್ಯಾರ. ನಾಕ ನಿಮಿಷ ಮಾತಾಡ್ಯಾರ. ಏನಂದ್ರವಾ?" ಅಂದರು. ಬಾಯಿಯವರೆಗೆ ನಿಜ ಬಂದಿತ್ತು. ಅವರ ಮುಖ ನೋಡಿದೆ, ಆ ಮುಖ ಏನನ್ನೋ ಕಾಯುತ್ತಿತ್ತು. "ಮುಂದಿನ್ ನಾಟಕದ್ ಬಗ್ಗೆ ಮಾತಾಡಿದ್ರು ಅಮ್ಮ. ಚೆನ್ನಾಗೇ ಇದ್ರು. ಇಡೋ ಮುಂಚೆ ನಿಮ್ ವಿಷ್ಯ ಹೇಳಿದ್ರು" ಅಂದೆ. ಏನಂತ ಅಂತ ಕೇಳಿದರು. "ಗಿರಿಜಾ ಇದ್ಲಂತ ನಾ ಇಷ್ಟ ಆಟ ಆಡಿದೆ, ಆಕಿ ಇಲ್ಲಂದ್ರ ನಂದೇನೂ ಇಲ್ಲ, ಅಂದ್ರು." ನಿಮ್ಮ ದನಿಯಲ್ಲೇ ಹೇಳಿದೆ ಮೇಷ್ಟ್ರೇ, ನಿಮ್ಮ ಗದಗಿನ ಮಾತಿನಲ್ಲೇ, ನೀವೇ ಕಲಿಸಿದ ಹಾಗೆ ನಡುವೆ ಒಂದು ಉಸಿರು ಬಿಟ್ಟು. ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದುಹೋದರು.

ಹನ್ನೊಂದನೇ ದಿನದ ಶಿವಗಣಾರಾಧನೆಯ ಕಾರ್ಡು ಕೈಗೆ ಬಂತು. ನಿಮ್ಮ ಫೋಟೋದ ಕೆಳಗೆ ನನ್ನ ವಾಕ್ಯ. ಚಿಕ್ಕಬಾಣಾವರದ ಸ್ಟೇಷನ್ ರಸ್ತೆಯ ಫ್ಲೆಕ್ಸಿನಲ್ಲೂ ಅದೇ. ಆಮೇಲೆ ಕಾಲೇಜಿನವರು ನುಡಿನಮನ ಇಟ್ಟುಕೊಂಡರು. ಒಬ್ಬ ಪ್ರಾಧ್ಯಾಪಕರು ಆ ಒಂದು ವಾಕ್ಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. "ಆಕಿ" ಅಂದರೆ ಹೆಂಡತಿ ಅಲ್ಲವಂತೆ, ಓದುಗ ಅಂತೆ. ಸಾಯುವ ಗಳಿಗೆಯಲ್ಲೂ ಕೃತಿಕಾರ ತನ್ನನ್ನು ಅಳಿಸಿಕೊಂಡು ಓದುಗನಿಗೆ ಜಾಗ ಬಿಟ್ಟನಂತೆ. ಇದನ್ನು ಕೇಳಿ ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ಮುಂದಿನ ಸಾಲಿನಲ್ಲಿ ಗಿರಿಜಮ್ಮ ಕೂತಿದ್ದರು, ನಾನು ಅವರ ಹಿಂದೆ. ಎದ್ದು ನಿಂತು, ಸ್ವಾಮಿ, ಈ ವಾಕ್ಯ ಬರೆದವಳು ನಾನು, ಹೆದರಿಕೊಂಡು ಬರೆದೆ, ಅಂತ ಅನ್ನಬೇಕಿತ್ತು. ಕಾಫಿ ಕೊಡುತ್ತಿದ್ದಾರೆ ಅಂತ ಎಲ್ಲರೂ ಎದ್ದರು, ನಾನೂ ಎದ್ದೆ.

ನಿಮ್ಮ ಕಪಾಟಿನ ಪುಸ್ತಕಗಳನ್ನು ಈ ವರ್ಷವೆಲ್ಲ ಓದಿದೆ, ಬೇರೆ ಕೆಲಸ ಮಾಡಲಾಗದೆ. ನೀವು ಬಾಣ ಎಳೆದ ಆ ಊರುಗಳಲ್ಲಿ ಕೆಲವು ಕಡೆ ಸರ್ಕಾರ ಒಂದೇ ಕಥೆ ಹೇಳುತ್ತಿತ್ತಂತೆ, ನಂಬದವರು ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದರಂತೆ. ಅವರು ಕಥೆಯನ್ನು ಒಡೆದು ಬರೆದದ್ದು ಬದುಕಿ ಉಳಿಯುವುದಕ್ಕೆ, ಸುಳ್ಳು ಹೇಳುವವನ ಕೈಗೆ ತಾವು ಸಿಕ್ಕಬಾರದು ಅನ್ನುವುದಕ್ಕೆ. ಅಷ್ಟು ಸಮುದ್ರ ದಾಟಿ ನಮ್ಮ ರೇಷ್ಮೆ ಶೆಡ್ಡಿಗೆ ಬರುವಷ್ಟರಲ್ಲಿ ಆ ಭಯ ಅಲ್ಲೇ ಉಳಿದು ಆಟ ಮಾತ್ರ ಬಂತಾ? ಅಥವಾ ನಾವೇ ಆಟವನ್ನಷ್ಟೇ ಇಳಿಸಿಕೊಂಡೆವಾ? ನಿಮ್ಮನ್ನು ಕೇಳಬೇಕಾದದ್ದು ಇದು. ನನಗೆ ನಿಮ್ಮ ಮೇಲೆ ಕೋಪ ಇದೆ. ನಿಜ ಹೇಳುವುದಕ್ಕೆ ಅಂತ ಇದ್ದ ಮಾತನ್ನು ಮೂವತ್ತು ದಿನ ಸುಳ್ಳಿಗೆ ಬಳಸಿ ಖಾಲಿ ಮಾಡಿಬಿಟ್ಟಿರಿ. ಬೇಕಾದ ಹೊತ್ತಿಗೆ ನಿಮ್ಮ ಹತ್ತಿರ ಬೇರೆ ಮಾತು ಉಳಿದಿರಲಿಲ್ಲ. ಅಷ್ಟೇ ಕೋಪ ನನ್ನ ಮೇಲೂ ಇದೆ, ಆವತ್ತು ಚಪ್ಪಾಳೆ ತಟ್ಟಿದ್ದಕ್ಕೆ.

ನಿನ್ನೆ ನಾನು ಹೋದಾಗ ಗಿರಿಜಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡೆ. ಕಾಲೇಜಿನವರು ಆ ಫೋನಿನ ನಾಟಕವನ್ನು ಮತ್ತೆ ಆಡಿ ಅಂತ ಕೇಳಿದ್ದಾರೆ ಅಂತ ಶುರು ಮಾಡಿದೆ. ಅವರು ಇನ್ನೊಂದು ಕಾಯಿ ಕೈಗೆ ತೆಗೆದುಕೊಂಡರು. "ಅಮ್ಮ, ಆ ಕಾರ್ಡಲ್ಲಿರೋ ಮಾತು ಮೇಷ್ಟ್ರು ಹೇಳಿದ್ದಲ್ಲ. ನಾನು ಕಟ್ಟಿದ್ದು. ಅವ್ರು ಬಾ ಅಂದ್ರು, ನಾನು ಬರ್ಲಿಲ್ಲ" ಅಂದೆ. ಒಂದೇ ಉಸಿರಿನಲ್ಲಿ. ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿ, ಕಾಳನ್ನು ಮೊರಕ್ಕೆ ಹಾಕಿ, "ಗೊತ್ತೈತಿ" ಅಂದರು.

ನಿಮ್ಮ ಫೋನಿನಲ್ಲಿ ಎಲ್ಲ ಮಾತೂ ತಾನಾಗಿ ರೆಕಾರ್ಡ್ ಆಗುವ ಹಾಗೆ ನೀವು ನಾಗರಾಜನ ಕೈಲಿ ಮಾಡಿಸಿಕೊಂಡಿದ್ದಿರಿ ಅನ್ನುವುದು ನನಗೆ ನಿನ್ನೆವರೆಗೂ ಗೊತ್ತಿರಲಿಲ್ಲ. ಅವನು ಒಂದು ವರ್ಷ ಬಾಯಿ ಬಿಟ್ಟಿಲ್ಲ. "ಅವರ ದನಿ ಬೇಕನಸತೈತಿ. ದಿನಾ ಮಧ್ಯಾಹ್ನ ಒಂದೊಂದ ಕೇಳತೀನಿ. ನಿಂದು ತಿಂಗಳ ತುಂಬೂದರಾಗ ಸಿಕ್ಕಿತ್ತು" ಅಂದರು ಗಿರಿಜಮ್ಮ. ಹಾಗಾದರೆ ಯಾಕಮ್ಮ ಸುಮ್ಮನಿದ್ದಿರಿ ಅಂದೆ. ಆ ವಾಕ್ಯವನ್ನು ವರ್ಷದ ಕಾರ್ಡಿನಲ್ಲೂ ಹಾಕಿಸಿದ್ದರಲ್ಲ, ಮೊನ್ನೆ. "ನಲವತ್ತ ವರ್ಷ ಅಂಥಾದೊಂದ ಮಾತ ಅಂದಾರು ಅಂತ ಕಾದೆ. ಅವರು ಅನಲಿಲ್ಲ. ನೀ ಅಂದಿ. ಯಾರರ ಒಬ್ಬರು ಅಂದ್ರಲ್ಲಾ ಅಂತ ಅಚ್ಚ ಹಾಕಿಸಿದೆ." ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, "ಸಿಟ್ಟಿಲ್ಲ ಅಂತ ತಿಳೀಬ್ಯಾಡ. ಐತಿ. ಮೊದಲ ಅವರ ಮ್ಯಾಲ, ಆಮ್ಯಾಲ ನಿನ್ನ ಮ್ಯಾಲ. ನೀ ಬಂದು ಹೇಳಲಿ ಅಂತ ಕುಂತಿದ್ದೆ" ಅಂದರು. ಅವರ ದನಿ ಏರಲಿಲ್ಲ. ನನಗೆ ಅವರು ಎರಡು ಏಟು ಹೊಡೆದಿದ್ದರೆ ಹಗುರವಾಗುತ್ತಿತ್ತು.

ಆ ನಾಲ್ಕು ನಿಮಿಷವನ್ನು ಅವರು ನನಗೆ ಕೇಳಿಸಿದರು. ಬೇಡ ಅಂದೆ, ಬಿಡಲಿಲ್ಲ. ನಿಮ್ಮ ದನಿ, ನನ್ನ ಯಂತ್ರದ ದನಿ. ಆ ಸದ್ದು ನಗು ಅಲ್ಲ ಮೇಷ್ಟ್ರೇ, ಈಗ ಕೇಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಉಸಿರು, ಅದರ ಹಿಂದೆ ದೂರದಲ್ಲಿ ನಾನು. "ಕಾವೇರಿ ನೀರು ಎರಡ್ ದಿನಕ್ಕೊಂದ್ಸಲ ಬರತ್ತೆ. ಬೋರ್ ಇದೆ, ತೊಂದ್ರೆ ಇಲ್ಲ. ಮೋಟ್ರು ನಾವೇ ಹಾಕ್ತೀವಿ." ಬಾಡಿಗೆಗೆ ಬಂದ ಹೆಂಗಸು ಕೇಳುತ್ತಾಳೆ, "ಫೋನಲ್ಲಿ ಯಾರೋ ಇದಾರಲ್ವಾ?" ನಾನು ಹೇಳುತ್ತೇನೆ, "ಅದಾ? ನಮ್ ಮೇಷ್ಟ್ರು. ನಾಟ್ಕ ಆಡ್ತಿದಾರೆ." ಮತ್ತೆ ಉಸಿರು. ಕೊನೆಗೆ, ಬಹಳ ಮೆಲ್ಲಗೆ, ನೀವು. "ಛಲೋ ಮಾಡಿದಿ, ಸುಜಾತಾ. ಈ ಸಲ ಪಾಸ್." ಆಮೇಲೆ ನಿಯಮದ ಪ್ರಕಾರ ನೀವೇ ಫೋನು ಇಟ್ಟಿರಿ.

ಯಾಕೆ ಹಾಗಂದಿರಿ? ನಾನು ಆಮೇಲೆ ಕೊರಗಬಾರದು ಅಂತಲಾ? ಅಥವಾ ಆಗಲೂ ನಿಮಗೆ ನಾಟಕವೇ ಮುಖ್ಯವಾಗಿತ್ತಾ? ಇಟ್ಟಮೇಲೆ ಇನ್ನೊಂದು ನಂಬರು ಒತ್ತುವ ಶಕ್ತಿ ಇರಲಿಲ್ಲವಾ, ಇಲ್ಲ, ಇದ್ದೂ… ರಾತ್ರಿಯೆಲ್ಲ ಇದನ್ನೇ ಕೇಳಿಕೊಂಡೆ. ನೀವು ಕಲಿಸಿದ ಹಾಗೆ ಓದಿದರೆ ಒಂದು ವಾಕ್ಯಕ್ಕೆ ಹತ್ತು ಅರ್ಥ ಬರುತ್ತದೆ, ಬೆಳಗಾದರೂ ಒಂದೂ ನಿಲ್ಲಲಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಆ ಪಾಸು ನನಗೆ ಬೇಡ. ವಾಪಸ್ ತೆಗೆದುಕೊಳ್ಳಿ.

ಇವತ್ತು ಬೆಳಿಗ್ಗೆ ನಾಗರಾಜನ ಲೇತ್ ಶಾಪಿಗೆ ಹೋಗಿಬಂದೆ. ಅವನಿಗೆ ತಪ್ಪಾಯಿತು ಅಂದೆ, ಅಲ್ಲಿ ಮಿಷಿನ್ನಿನ ಸದ್ದಿಗೆ ಎರಡು ಸಲ ಅನ್ನಬೇಕಾಯಿತು. ನಾಟಕ ಆಡುವುದಾದರೆ ಅವನ ಕೆಂಪು ಗುಂಡಿ ಇಟ್ಟುಕೊಂಡೇ ಆಡುತ್ತೇವೆ. ನಿಜವಾ ಅಂತ ಯಾರು ಬೇಕಾದರೂ ಕೇಳಬಹುದು, ಕೇಳಿದರೆ ಇನ್ನೊಬ್ಬರು ನಿಜ ಹೇಳಲೇಬೇಕು. ಅದು ಆಧುನಿಕೋತ್ತರ ನಾಟಕ ಆಗುವುದಿಲ್ಲ ಅಂತ ನೀವು ಅನ್ನುತ್ತೀರಿ. ಆಗದಿದ್ದರೆ ಬೇಡ ಬಿಡಿ. ಒಬ್ಬರೂ ಬರದಿದ್ದರೆ ಶೆಡ್ಡಿಗೆ ಬೀಗ ಹಾಕುತ್ತೇನೆ, ಈ ನಿಯಮ ಮಾತ್ರ ಬದಲಾಯಿಸುವುದಿಲ್ಲ. ಇದು ನಾನು ನಿಮಗೆ ಕೊಡುವ ಮಾತು.

ಇಷ್ಟು ಬರೆಯುವ ಹೊತ್ತಿಗೆ ಫೋನು ಬಂತು. ಪರದೆಯ ಮೇಲೆ "ಮೇಷ್ಟ್ರು" ಅಂತ. ಗಿರಿಜಮ್ಮ ನಿಮ್ಮ ಫೋನನ್ನೇ ಇಟ್ಟುಕೊಂಡಿದ್ದಾರೆ, ಆದರೆ ಈ ಒಂದು ವರ್ಷದಲ್ಲಿ ಅದರಿಂದ ನನಗೊಂದು ಸಲವೂ ಮಾಡಿರಲಿಲ್ಲ. "ಸುಜಾತಾ, ಬಚ್ಚಲದಾಗ ಕಾಲ ಜಾರಿ ಬಿದ್ದೀನವಾ. ಏಳಾಕ ಆಗವಲ್ದು. ಬಾ" ಅಂದರು. ಅವರ ದನಿ ನಿನ್ನೆಯ ಹಾಗೇ ಇತ್ತು, ಏರಲಿಲ್ಲ. ನಿಜವೋ, ಹೋದ ವರ್ಷದ ಲೆಕ್ಕ ತೀರಿಸುತ್ತಿದ್ದಾರೋ, ನನಗೆ ಗೊತ್ತಿಲ್ಲ. ಕೇಳಬಹುದು ಅಂತ ಈಗಷ್ಟೇ ನಾನೇ ನಿಯಮ ಬರೆದೆ. ಕೇಳಲಿಲ್ಲ. ಫೋನು ಕತ್ತರಿಸಿಲ್ಲ, ಮೇಜಿನ ಮೇಲೆ ಹಾಗೇ ಇದೆ, ಬಂದೆ ಅಮ್ಮ ಅಂತ ಹೇಳುತ್ತಾ, ಒಂದು ಕೈಯಲ್ಲಿ ಚೀಲ ತಡಕುತ್ತಾ, ಇನ್ನೊಂದು ಕೈಯಲ್ಲಿ ಈ ಎರಡು ಸಾಲು ಗೀಚುತ್ತಿದ್ದೇನೆ. ಕಾರಿನ ಕೀಲಿ ಸಿಕ್ಕಿತು.

ಹನ್ನೊಂದು ನಿಮಿಷ ಬೇಕು. ನಟಿಯಾಗಿ ಫೇಲ್ ಅಂತ ಬರೆದುಕೊಳ್ಳಿ ಮೇಷ್ಟ್ರೇ.

ನಿಮ್ಮ
ಸುಜಾತ